ಟೇಪ್ ಮೇಡಂ ಎಂಬ ಹೆಸರು ಬಂದ ಬಗೆ

ತುಮಕೂರಿನಲ್ಲಿ ಮನೆ ಕಟ್ಟಿಸುವವರ ನಡುವೆ ನನ್ನ ನಿಜವಾದ ಹೆಸರು ಗೊತ್ತಿರುವವರು ಕಡಿಮೆ. ‘ಟೇಪ್ ಮೇಡಂ’ ಎಂದು ಕೇಳಿದರೆ ಬಟವಾಡಿಯಿಂದ ಕ್ಯಾತ್ಸಂದ್ರದವರೆಗಿನ ಸಿಮೆಂಟ್ ಅಂಗಡಿಗಳಲ್ಲಿ ಒಬ್ಬರಾದರೂ ನನ್ನ ಫೋನ್ ನಂಬರ್ ಹೇಳುತ್ತಾರೆ. ಈ ಹೆಸರನ್ನು ನಾನು ಇಟ್ಟುಕೊಂಡದ್ದಲ್ಲ. ನಾನಾಗಿ ಇಟ್ಟುಕೊಂಡಿದ್ದ ಹೆಸರು ಬೇರೊಂದಿತ್ತು. ಅದಕ್ಕೆ ಲೋಗೋ, ಫ್ಲೆಕ್ಸ್, ವಿಸಿಟಿಂಗ್ ಕಾರ್ಡ್ ಎಲ್ಲವೂ ಇದ್ದವು, ಕೆಲಸ ಮಾತ್ರ ಇರಲಿಲ್ಲ. ಕಟ್ಟಡದ ಕಸುಬಿನಲ್ಲಿ ಸ್ವಂತದ ಬ್ರ್ಯಾಂಡ್ ಕಟ್ಟಿಕೊಳ್ಳುವುದು ಹೇಗೆ ಎಂದು ಈಚೆಗೆ ಡಿಪ್ಲೊಮಾ ಮುಗಿಸಿ ಬಂದ ಹುಡುಗ ಹುಡುಗಿಯರು ಆಗಾಗ ಕೇಳುತ್ತಿರುವುದರಿಂದ, ಒಂದು ಹೆಸರು ಬಿದ್ದುಹೋಗಿ ಇನ್ನೊಂದು ನಿಂತ ಆ ವರ್ಷಗಳಲ್ಲಿ ಏನೇನು ನಡೆಯಿತು ಎಂಬುದನ್ನು ನಡೆದಂತೆಯೇ ಬರೆಯುತ್ತಿದ್ದೇನೆ.

ನಮ್ಮ ಅಪ್ಪ ಗಾರೆ ಮೇಸ್ತ್ರಿ. ಅವರ ಚೀಲದಲ್ಲಿ ಕರಣೆ, ತೂಗುಗುಂಡು, ರಸಮಟ್ಟ, ಮೂಲೆಮಟ್ಟ ಇರುತ್ತಿದ್ದವೇ ಹೊರತು ವಿಳಾಸದ ಒಂದು ಚೀಟಿಯೂ ಇರುತ್ತಿರಲಿಲ್ಲ. ಗೃಹಪ್ರವೇಶದ ದಿನ ಮನೆಯವರು ಕೊಡುವ ಪಂಚೆ ಶಲ್ಯ ಹೊದ್ದುಕೊಂಡು ಊಟಕ್ಕೆ ಕೂತರೆ, ಪಕ್ಕದ ಎಲೆಯವರು ‘ನಮ್ಮದೂ ಒಂದು ಪಾಯ ತೆಗೆಯೋದಿದೆ, ಬಂದು ನೋಡಿ’ ಎನ್ನುತ್ತಿದ್ದರು. ಅವರ ಮುಂದಿನ ವರ್ಷದ ಕೆಲಸ ಆ ಪಂಕ್ತಿಯಲ್ಲಿಯೇ ನಿಶ್ಚಯವಾಗಿಬಿಡುತ್ತಿತ್ತು. ನಾನು 2008ರಲ್ಲಿ ಸಿವಿಲ್ ಡಿಪ್ಲೊಮಾ ಮುಗಿಸಿ, ಒಂಬತ್ತು ವರ್ಷ ಬೆಂಗಳೂರಿನ ಅಪಾರ್ಟ್‌ಮೆಂಟ್ ಕಾಮಗಾರಿಗಳಲ್ಲಿ ಸೈಟ್ ಇಂಜಿನಿಯರ್ ಆಗಿ ದುಡಿದೆ. ಎಪ್ಪತ್ತು ಕಿಲೋಮೀಟರ್ ದಾರಿ. ಬೆಳಗಿನ ರೈಲು, ರಾತ್ರಿಯ ರೈಲು. ಸಾವಿರಾರು ಚದರದ (ಒಂದು ಚದರವೆಂದರೆ ನೂರು ಚದರ ಅಡಿ) ಕಟ್ಟಡಗಳಲ್ಲಿ ಕಂಬಿ ಎಣಿಸಿದ್ದೆನಾದರೂ ಅವುಗಳಲ್ಲಿ ಯಾವುದನ್ನೂ ‘ಇದು ನಾನು ಕಟ್ಟಿದ್ದು’ ಎಂದು ತೋರಿಸುವಂತಿರಲಿಲ್ಲ. 2017ರಲ್ಲಿ ಕೆಲಸ ಬಿಟ್ಟು ಊರಿಗೆ ಬಂದು, ಸ್ವಂತವಾಗಿ ಮನೆ ಕಟ್ಟಿಸಿಕೊಡುವ ಕಾಂಟ್ರಾಕ್ಟ್ ಹಿಡಿಯುತ್ತೇನೆಂದಾಗ ಅಪ್ಪ ಬೇಡವೆನ್ನಲಿಲ್ಲ. “ಮೊದಲು ಒಂದು ಕಾಂಪೌಂಡ್ ಗೋಡೆ ಸಿಕ್ಕಿದ್ರೂ ಸಾಕು, ನೆಟ್ಟಗೆ ಕಟ್ಟು” ಎಂದಷ್ಟೇ ಹೇಳಿದರು.

ನನಗೆ ಅದು ಹಳೆಯ ಕಾಲದ ಮಾತೆನಿಸಿತು. ತುಮಕೂರು 2016ರಲ್ಲಿ ಸ್ಮಾರ್ಟ್ ಸಿಟಿ ಪಟ್ಟಿಗೆ ಸೇರಿದ ಮೇಲೆ ಊರಿನಲ್ಲಿ ಹಾಲಿನ ಬೂತಿನಿಂದ ಹಿಡಿದು ಟ್ಯೂಷನ್ ಕೇಂದ್ರದವರೆಗೆ ಎಲ್ಲಕ್ಕೂ ‘ಸ್ಮಾರ್ಟ್’ ಸೇರಿಕೊಳ್ಳುತ್ತಿತ್ತು. ನಾನೂ ಆ ಪದವನ್ನೇ ಸೇರಿಸಿ ಒಂದು ಹೆಸರು ಕಟ್ಟಿದೆ. ಆಡಿಟರ್ ಒಬ್ಬರ ಸಲಹೆಯ ಮೇರೆಗೆ ಅದನ್ನು ಟ್ರೇಡ್‌ಮಾರ್ಕ್ ಮಾಡಿಸಲೂ ಹೊರಟೆ. ಕಟ್ಟಡ ನಿರ್ಮಾಣದ ಸೇವೆಗಳು ಟ್ರೇಡ್‌ಮಾರ್ಕಿನ 37ನೇ ವರ್ಗಕ್ಕೆ ಬರುತ್ತವೆ. ವೈಯಕ್ತಿಕವಾಗಿ ಆನ್‌ಲೈನ್‌ನಲ್ಲಿ ಅರ್ಜಿ ಹಾಕುವವರಿಗೆ ಒಂದು ವರ್ಗಕ್ಕೆ 4,500 ರೂಪಾಯಿ ಶುಲ್ಕ, ನೋಂದಣಿಯಾದರೆ ಹತ್ತು ವರ್ಷ ಊರ್ಜಿತ. ಅರ್ಜಿಗೆ ಮುಂಚೆ ಅದೇ ಹೆಸರು ಬೇರೆಯವರದಿದೆಯೇ ಎಂದು ಹುಡುಕಿ ನೋಡಬೇಕು. ಹುಡುಕಿದಾಗ ನನ್ನ ಹೆಸರಿನ ಅಕ್ಕ ತಂಗಿಯರು ಪರದೆಯ ತುಂಬ ಸಾಲುಗಟ್ಟಿ ನಿಂತಿದ್ದರು. ಅರ್ಜಿ ಕೈಬಿಟ್ಟೆ, ಆದರೆ ಅಷ್ಟೊಂದು ಜನರಿಗೆ ಹೊಳೆದ ಹೆಸರು ಯಾರ ನೆನಪಿನಲ್ಲಿ ಉಳಿದೀತು ಎಂದು ಯೋಚಿಸುವ ಬುದ್ಧಿ ಆಗ ಬರಲಿಲ್ಲ. ಫ್ಲೆಕ್ಸ್ ಮಾತ್ರ ಹಾಕಿಸಿದೆ.

ಆ ಫ್ಲೆಕ್ಸಿನಲ್ಲಿ ಗಾಜಿನ ಬಾಲ್ಕನಿಯ, ಮೂರು ಅಂತಸ್ತಿನ ಮನೆಯೊಂದರ ಚಿತ್ರವಿತ್ತು. ಅಂತಹ ಮನೆಯನ್ನು ನಾನು ಕಟ್ಟಿರಲಿಲ್ಲ, ನೋಡಿಯೂ ಇರಲಿಲ್ಲ. ಅಂತರ್ಜಾಲದಿಂದ ಇಳಿಸಿಕೊಂಡ ಎಲಿವೇಶನ್, ಅಂದರೆ ಮನೆಯ ಮುಂಭಾಗದ ಚಿತ್ರ, ಅದು. ಫೇಸ್‌ಬುಕ್ ಪುಟಕ್ಕೆ ದುಡ್ಡು ಕೊಟ್ಟು ಲೈಕ್ ತರಿಸಿಕೊಂಡೆ. ಮೂರು ಸಾವಿರ ಲೈಕ್ ಬಂದವು, ಬಹುಪಾಲು ಉತ್ತರದ ಕಡೆಯ ಹುಡುಗರದು. ಅವರಲ್ಲಿ ಯಾರೊಬ್ಬರೂ ಶೆಟ್ಟಿಹಳ್ಳಿಯಲ್ಲಿ ಮೂವತ್ತು ನಲವತ್ತರ ಸೈಟು ಕೊಂಡವರಾಗಿರಲಿಲ್ಲ. ಹದಿನೆಂಟು ತಿಂಗಳಲ್ಲಿ ಸಿಕ್ಕಿದ್ದು ಎರಡು ಕೆಲಸ: ಒಂದು ಸ್ನಾನದ ಮನೆ, ಒಂದು ಕಾಂಪೌಂಡ್ ಗೋಡೆ. ಎರಡೂ ಅಪ್ಪನ ಪರಿಚಯದವರಿಂದ ಬಂದವು. ಕಾಂಪೌಂಡ್ ಗೋಡೆ ಸಿಕ್ಕಿತು ಎಂದು ಹೇಳಿದಾಗ ಅಪ್ಪ ನಗಲಿಲ್ಲವೆಂಬುದನ್ನು ಇವತ್ತಿಗೂ ಉಪಕಾರವೆಂದೇ ಎಣಿಸುತ್ತೇನೆ.

2019ರ ಕೊನೆಯಲ್ಲಿ ನಿವೃತ್ತ ಪ್ರೌಢಶಾಲಾ ಮೇಷ್ಟ್ರೊಬ್ಬರು ಮನೆ ಕಟ್ಟಿಸಲು ಹೊರಟಿದ್ದಾರೆಂದು ತಿಳಿದು ಹೋಗಿ ಕಂಡೆ. ಹನ್ನೊಂದು ಚದರದ ಮನೆ, ಮೇಲೆ ಒಂದು ರೂಮು. ನಾನು ಬಣ್ಣದ ಎಲಿವೇಶನ್‌ಗಳನ್ನು ಮುಂದಿಟ್ಟೆ. ಅವರು ಅವನ್ನು ಪಕ್ಕಕ್ಕೆ ಸರಿಸಿ, “ಹೊರಗಡೆ ಹೆಂಗೆ ಕಾಣುತ್ತೆ ಅಂತ ಎಲ್ಲರೂ ತೋರಿಸ್ತಾರೆ ಕಣಮ್ಮ. ಗೋಡೆ ಒಳಗೆ ನೀವೇನು ಇಟ್ಟಿದೀರ ಅಂತ ನನಗೆ ಹೆಂಗೆ ಗೊತ್ತಾಗಬೇಕು?” ಎಂದು ಕೇಳಿದರು. ಅವರ ಹಿಂದಿನ ಬಾಡಿಗೆ ಮನೆಯಲ್ಲಿ ದೇವರ ಫೋಟೋಗೆಂದು ಮೊಳೆ ಹೊಡೆಯಲು ಡ್ರಿಲ್ ಇಟ್ಟಾಗ ಗೋಡೆಯೊಳಗಿನ ನೀರಿನ ಪೈಪು ತೂತಾಗಿ, ಹಬ್ಬದ ದಿನ ಮನೆಯೆಲ್ಲ ಕೆರೆಯಾಗಿತ್ತಂತೆ. ನನ್ನ ಬಳಿ ಉತ್ತರವಿರಲಿಲ್ಲ. ಆದರೂ ಅಪಾರ್ಟ್‌ಮೆಂಟ್ ಕೆಲಸದಲ್ಲಿ ಕಾಂಕ್ರೀಟಿಗೆ ಮುಂಚೆ ಕಂಬಿಯನ್ನು ತಪಾಸಣೆ ಮಾಡಿ ಫೋಟೋ ತೆಗೆದಿಡುವ ಪದ್ಧತಿ ನೆನಪಾಗಿ, ಮುಚ್ಚಿಹೋಗುವ ಪ್ರತಿಯೊಂದು ಕೆಲಸವನ್ನೂ ಮುಚ್ಚುವ ಮುಂಚೆ ಫೋಟೋ ತೆಗೆದು, ಕೊನೆಗೆ ಫೈಲ್ ಮಾಡಿ ಕೊಡುತ್ತೇನೆ ಎಂದುಬಿಟ್ಟೆ. “ಫೋಟೋದಲ್ಲಿ ಅಳತೆ ಕಾಣಬೇಕು” ಎಂದರು ಮೇಷ್ಟ್ರು. ಗುದ್ದಲಿ ಪೂಜೆಯ ದಿನ ಅವರು ಅಟ್ಟದಿಂದ ಇಳಿಸಿದ ಹಳೆಯ ಸ್ಲೇಟು, ಬಳಪದ ಡಬ್ಬಿ ತಂದು ನನ್ನ ಕೈಗಿತ್ತರು: ಒಂದು ಬದಿಗೆ ಟೇಪ್, ಇನ್ನೊಂದು ಬದಿಗೆ ಜಾಗ ಮತ್ತು ತಾರೀಖು ಬರೆದ ಸ್ಲೇಟು.

ಮೊದಲ ಫೋಟೋದಲ್ಲಿಯೇ ಅದರ ಬೆಲೆ ತಿಳಿಯಿತು. ಈಶಾನ್ಯದ ಮೂಲೆಯ ಕಾಲಂ; ಉದ್ದ ಕಂಬಿಗಳನ್ನು ಸುತ್ತಿ ಹಿಡಿಯುವ ರಿಂಗುಗಳು ಆರು ಇಂಚಿಗೊಂದು ಬರಬೇಕೆಂದು ನಕ್ಷೆಯಲ್ಲಿತ್ತು. ನಿಂತು ಕಣ್ಣಿನಲ್ಲಿ ನೋಡಿದಾಗ ಎಲ್ಲವೂ ಸರಿಯಾಗಿಯೇ ಇದ್ದಂತೆ ಕಂಡಿತ್ತು. ಟೇಪನ್ನು ಕಂಬಿಗೆ ಒರಗಿಸಿ ಫೋಟೋ ತೆಗೆದು ದೊಡ್ಡದು ಮಾಡಿ ನೋಡಿದರೆ ಬುಡದ ನಾಲ್ಕು ರಿಂಗುಗಳು ಆರಾರು ಇಂಚಿಗಿದ್ದು, ಎದೆಯೆತ್ತರದಲ್ಲಿ ಎಂಟಕ್ಕೆ, ಮೇಲೆ ಒಂಬತ್ತಕ್ಕೆ ಏರಿದ್ದವು. ಬಗ್ಗಿ ಕೆಲಸ ಮಾಡುವವನು ಬುಡದಲ್ಲಿ ಅಳೆಯುತ್ತಾನೆ, ಕೈ ಎತ್ತಿ ಕಟ್ಟುವಾಗ ಅಂದಾಜಿಗೆ ಇಳಿಯುತ್ತಾನೆ. ಇದು ಮೋಸವಲ್ಲ, ಮೈಯ ಆಯಾಸ. ಬಿಚ್ಚಿಸಿ ಮತ್ತೆ ಕಟ್ಟಿಸಿದೆ. ಮಾರನೆಯ ದಿನ ನಾನು ಗೇಟು ದಾಟುತ್ತಿದ್ದಂತೆ ಬಾರ್ ಬೆಂಡಿಂಗ್, ಅಂದರೆ ಕಂಬಿ ಬಗ್ಗಿಸಿ ಕಟ್ಟುವ ಕೆಲಸದ ಹುಡುಗನೊಬ್ಬ, “ಬಂದ್ರಪ್ಪ ಟೇಪ್ ಮೇಡಮ್ಮು!” ಎಂದು ಕೂಗಿ ಎಲ್ಲರನ್ನೂ ನಗಿಸಿದ. ನನಗೆ ಸಿಟ್ಟೇ ಬಂತು.

ಅದೇ ಮನೆಗೆ ಬಂದ ಎರಡನೆಯ ಲೋಡು ಕಂಬಿಯ ಮೇಲೆ ನನಗೆ ಅನುಮಾನ ಹುಟ್ಟಿತು. ಕಂಬಿಯ ದಪ್ಪವನ್ನು ತೂಕದಿಂದ ಪರೀಕ್ಷಿಸುವ ಲೆಕ್ಕ ಕಟ್ಟಡದವರಿಗೆಲ್ಲ ಬಾಯಿಪಾಠ: ಮಿಲಿಮೀಟರಿನಲ್ಲಿರುವ ವ್ಯಾಸದ ವರ್ಗವನ್ನು 162ರಿಂದ ಭಾಗಿಸಿದರೆ ಮೀಟರಿಗೆ ಎಷ್ಟು ಕಿಲೋ ಎಂಬುದು ಸಿಗುತ್ತದೆ. ಹನ್ನೆರಡು ಮಿಲಿಮೀಟರಿನ ಕಂಬಿ ಮೀಟರಿಗೆ ಹತ್ತಿರ ಹತ್ತಿರ 888 ಗ್ರಾಂ ತೂಗಬೇಕು. ಆ ದಪ್ಪಕ್ಕೆ ಕಂಬಿಯ ಭಾರತೀಯ ಮಾನದಂಡವಾದ ಐಎಸ್ 1786 ಶೇಕಡಾ ಐದರಷ್ಟು ಹೆಚ್ಚು ಕಡಿಮೆಯನ್ನು ಒಪ್ಪುತ್ತದೆ. ಒಂದೊಂದು ಮೀಟರಿನ ಮೂರು ತುಂಡು ಕತ್ತರಿಸಿಕೊಂಡು ಬೀದಿ ಕೊನೆಯ ದಿನಸಿ ಅಂಗಡಿಗೆ ಹೋಗಿ, ತೊಗರಿಬೇಳೆ ತೂಗುತ್ತಿದ್ದ ತಕ್ಕಡಿಯ ಮೇಲೆ ಇಟ್ಟೆ. 812, 809, 810. ಅಂಗಡಿಯಾತ ಬೇಳೆ ಕೊಳ್ಳಲು ಬಂದಿದ್ದವರನ್ನು ನಿಲ್ಲಿಸಿಕೊಂಡು, ಏನಿದು ಎಂದು ವಿಚಾರಿಸಿದ. ತೂಕದ ಲೆಕ್ಕದಲ್ಲಿ ಕೊಂಡರೆ ದುಡ್ಡು ಹೋಗುವುದಿಲ್ಲ, ಆದರೆ ನಕ್ಷೆಯಲ್ಲಿ ಹನ್ನೆರಡು ಎಂದಿರುವ ಕಡೆ ಹನ್ನೊಂದೂವರೆಯ ಕಂಬಿ ಕೂರುತ್ತದೆ; ಪೀಸಿನ ಲೆಕ್ಕದಲ್ಲಿ ಕೊಂಡರೆ ದುಡ್ಡೂ ಹೋಗುತ್ತದೆ, ಬಲವೂ ಹೋಗುತ್ತದೆ ಎಂದು ವಿವರಿಸಿದೆ. ಕಂಬಿ ಕೊಟ್ಟವರು, “ಊರಿಗೆಲ್ಲ ಇದನ್ನೇ ಕೊಡ್ತೀವಿ ಮೇಡಂ, ನಿಮ್ಮದೊಂದೇ ರಾಗ” ಎಂದು ಗೊಣಗಿದರೂ ಲೋಡು ವಾಪಸ್ಸು ತೆಗೆದುಕೊಂಡರು. ತಕ್ಕಡಿಯ ಮೇಲಿನ ಕಂಬಿಯ ಫೋಟೋವನ್ನು, ಅಂಗಡಿಯ ಹೆಸರು ಹೇಳದೆ, ಲೆಕ್ಕದ ಸಮೇತ ವಾಟ್ಸಾಪ್ ಸ್ಟೇಟಸ್ಸಿಗೆ ಹಾಕಿದೆ. ಅಂದಿನವರೆಗೆ ನನ್ನ ಗಾಜಿನ ಬಾಲ್ಕನಿಗಳನ್ನು ನೋಡಿ ಸುಮ್ಮನಿದ್ದ ಜನ ಅವತ್ತು ರಾತ್ರಿ ಹನ್ನೊಂದರವರೆಗೆ ಪ್ರಶ್ನೆ ಕೇಳಿದರು. ಹೆಚ್ಚಿನವರದು ಒಂದೇ ಪ್ರಶ್ನೆ: ಹತ್ತು ಮಿಲಿಮೀಟರಿನದು ಎಷ್ಟು ತೂಗಬೇಕು? ಮೀಟರಿಗೆ 617 ಗ್ರಾಂ ಎಂದು ಬರೆದು ಬರೆದು ಬೆರಳು ನೋಯಿತು.

ಪಾಯದ ಕಾಂಕ್ರೀಟಿನ ದಿನ ಅದೇ ಕಾಂಕ್ರೀಟಿನಿಂದ ಬಲದ ಪರೀಕ್ಷೆಗೆಂದು ಆರು ಕ್ಯೂಬುಗಳನ್ನು ತುಂಬಿ, ಮೂರನ್ನು ಏಳನೆಯ ದಿನಕ್ಕೆ, ಮೂರನ್ನು ಇಪ್ಪತ್ತೆಂಟನೆಯ ದಿನಕ್ಕೆ ಎಂದು ನೀರಿನಲ್ಲಿಟ್ಟೆ. ಸಣ್ಣ ಮನೆಗಳಿಗೆ ಇದನ್ನು ಮಾಡಿಸುವವರು ಅಪರೂಪ. ಪರೀಕ್ಷೆಗೆ ಮೇಷ್ಟ್ರನ್ನೂ ಕರೆದುಕೊಂಡು ಊರಿನ ಇಂಜಿನಿಯರಿಂಗ್ ಕಾಲೇಜೊಂದರ ಪ್ರಯೋಗಾಲಯಕ್ಕೆ ಹೋದೆ. 150 ಮಿಲಿಮೀಟರಿನ ಕ್ಯೂಬು ಎಂ 20 ದರ್ಜೆಯ ಕಾಂಕ್ರೀಟಿನ ಲೆಕ್ಕಕ್ಕೆ 450 ಕಿಲೋನ್ಯೂಟನ್, ಅಂದರೆ ಸುಮಾರು 46 ಟನ್ ಹೊರೆ ತಡೆಯಬೇಕು. ಮುಳ್ಳು 540ರ ಹತ್ತಿರ ಬಂದಾಗ ಟಪ್ಪೆಂದು ಕ್ಯೂಬಿನ ಪಕ್ಕೆಗಳು ಕಳಚಿದವು. ಒಳಗಿನ ಜಲ್ಲಿಯೂ ಸೀಳಿತ್ತು. ಮೇಷ್ಟ್ರು ಆ ಒಡೆದ ತುಂಡನ್ನು ಕರವಸ್ತ್ರದಲ್ಲಿ ಕಟ್ಟಿಕೊಂಡು ಮನೆಗೆ ಒಯ್ದರು. ಅದು ಅವರ ಟಿವಿ ಮೇಜಿನ ಮೇಲೆ ಬಹಳ ದಿನ ಇತ್ತು, ಬಂದವರಿಗೆಲ್ಲ ಕಥೆ ಹೇಳಲು. ನಾನು ಮಾಡಿದ ಅತ್ಯಂತ ಅಗ್ಗದ ಜಾಹೀರಾತು ಅದೇ ಇರಬೇಕು.

2020ರ ಮಾರ್ಚ್ 20ರಂದು ಮೋಲ್ಡ್, ಅಂದರೆ ಸೂರಿನ ಕಾಂಕ್ರೀಟ್, ಹಾಕಿದೆವು. ಐದೇ ದಿನಕ್ಕೆ ದೇಶವೆಲ್ಲ ಲಾಕ್‌ಡೌನ್ ಆಯಿತು. ಆಳುಗಳು ಸಿಕ್ಕ ಲಾರಿ ಹತ್ತಿ ಊರುಗಳಿಗೆ ಹೋದರು. ನಾನು ಕ್ಯಾತ್ಸಂದ್ರದಿಂದ ಆಚೆ ಕಾಲಿಡುವಂತಿರಲಿಲ್ಲ. ಹೊಸ ಕಾಂಕ್ರೀಟಿಗೆ ನೀರು ಬೇಕು. ಕಾಂಕ್ರೀಟಿನ ಭಾರತೀಯ ಮಾನದಂಡವಾದ ಐಎಸ್ 456ರ ಪ್ರಕಾರ ಸಾಧಾರಣ ಸಿಮೆಂಟಿಗೆ ಕನಿಷ್ಠ ಏಳು ದಿನ, ಈಗ ಎಲ್ಲರೂ ಬಳಸುವ ಹಾರುಬೂದಿ ಬೆರೆತ ಪಿಪಿಸಿಯಂತಹ ಸಿಮೆಂಟಿಗೆ ಕನಿಷ್ಠ ಹತ್ತು ದಿನ, ಹದಿನಾಲ್ಕು ದಿನವಾದರೆ ಇನ್ನೂ ಒಳ್ಳೆಯದು. ಮಾರ್ಚಿನ ಬಿಸಿಲಿನಲ್ಲಿ ಎರಡು ಹೊತ್ತು ತಪ್ಪಿದರೂ ಮೇಲ್ಮೈ ಕೂದಲೆಳೆಯಷ್ಟು ಬಿರಿಯುತ್ತದೆ. ಪುಣ್ಯಕ್ಕೆ ಮೇಷ್ಟ್ರ ಬಾಡಿಗೆ ಮನೆ ಸೈಟಿನ ಹಿಂದಿನ ಬೀದಿಯಲ್ಲೇ ಇತ್ತು. ಪಾತಿ ಕಟ್ಟಿಯಾಗಿತ್ತು; ಅಂದರೆ ಗಾರೆಯಿಂದ ಸಣ್ಣ ಬದುಗಳನ್ನು ಹಾಕಿ ಮೋಲ್ಡಿನ ಮೇಲೆ ಚೌಕಗಳನ್ನು ಮಾಡಿಯಾಗಿತ್ತು. ಬೆಳಿಗ್ಗೆ ಆರಕ್ಕೊಮ್ಮೆ, ಸಂಜೆ ಐದಕ್ಕೊಮ್ಮೆ ಅರವತ್ತೆರಡು ವರ್ಷದ ಆ ಮನುಷ್ಯ ಏಣಿ ಹತ್ತಿ ಪಾತಿಗಳಿಗೆ ನೀರು ತುಂಬಿ, ಸ್ಲೇಟಿನ ಮೇಲೆ ತಾರೀಖು ಬರೆದು, ನೀರಿನ ಆಳಕ್ಕೆ ತಮ್ಮ ಟೇಪನ್ನು ನೆಟ್ಟಗೆ ಹಿಡಿದು ಫೋಟೋ ಕಳಿಸುತ್ತಿದ್ದರು. ಕಪ್ಪುಹಲಗೆಯ ಮೇಲೆ ಮೂವತ್ತು ವರ್ಷ ಬರೆದ ದುಂಡಕ್ಷರ. ‘ದಿನ 6. ಎರಡು ಇಂಚು. ಒಂದು ಕಾಗೆ ಸ್ನಾನ ಮಾಡಿತು.’

ಆ ಫೋಟೋಗಳನ್ನು ಅವರ ಒಪ್ಪಿಗೆ ಪಡೆದು ದಿನಕ್ಕೊಂದರಂತೆ ಸ್ಟೇಟಸ್ಸಿಗೆ ಹಾಕಿದೆ. ಎಲ್ಲರೂ ಮನೆಯಲ್ಲೇ ಕೂತಿದ್ದ ದಿನಗಳು. ನೋಡಿದವರು ತಮ್ಮವರಿಗೆ ಕಳಿಸಿದರು. ಹದಿನಾಲ್ಕನೆಯ ದಿನ ನೀರು ಇಳಿಸಿದ ಮೋಲ್ಡಿನ ಫೋಟೋ ಬಂದಾಗ ನನಗೆ ಗುರುತೇ ಇಲ್ಲದ ಮೂವರು, ‘ಆ ಟೇಪ್ ಮೇಡಂ ನೀವೇನಾ?’ ಎಂದು ಬರೆದಿದ್ದರು. ಹುಡುಗರು ಹಾಸ್ಯಕ್ಕೆಂದು ಕೂಗಿದ ಹೆಸರನ್ನು ಮೇಷ್ಟ್ರೇ ತಮ್ಮ ಹಳೆಯ ವಿದ್ಯಾರ್ಥಿಗಳ ಗುಂಪಿನಲ್ಲಿ ಬರೆದು ಹರಡಿದ್ದರೆಂದು ಆಮೇಲೆ ತಿಳಿಯಿತು. ಕೆಲಸ ಮತ್ತೆ ಶುರುವಾದ ಮೇಲೆ ಹಳೆಯ ಫ್ಲೆಕ್ಸನ್ನು ಇಳಿಸಿ ಸಿಮೆಂಟ್ ಚೀಲಗಳ ಮೇಲೆ ಮಳೆಗೆ ಹೊದಿಸಿದೆ. ಪೇಂಟರ್ ಕೈಯಲ್ಲಿ ಎರಡಡಿ ತಗಡಿನ ಮೇಲೆ ‘ಟೇಪ್ ಮೇಡಂ’ ಎಂದು ಬರೆಸಿ, ಕೆಳಗೆ ಸಣ್ಣದಾಗಿ ನನ್ನ ಹೆಸರು, ಫೋನ್ ನಂಬರ್ ಹಾಕಿಸಿ ನಡೆಯುತ್ತಿದ್ದ ಕೆಲಸದ ಗೇಟಿಗೆ ಕಟ್ಟಿದೆ.

ಫೈಲಿನ ಬಗ್ಗೆ ಕೇಳುವವರು ಹೆಚ್ಚಾದ್ದರಿಂದ ಅದನ್ನು ಮಾಡುವ ಬಗೆಯನ್ನೂ ಹೇಳುತ್ತೇನೆ. ಮೊದಲ ಪುಟದಲ್ಲಿ ಮನೆಯ ನಕ್ಷೆ. ಅದರಲ್ಲಿ ಪ್ರತಿ ಗೋಡೆಗೂ ಒಂದು ಸಂಖ್ಯೆ. ಕರೆಂಟಿನ ಪೈಪು, ನೀರಿನ ಪೈಪುಗಳನ್ನು ಗೋಡೆಯಲ್ಲಿ ಕೂರಿಸಿದ ಮೇಲೆ, ಪ್ಲಾಸ್ಟರಿಂಗ್‌ಗೆ ಮುಂಚೆ, ಎರಡು ಟೇಪ್ ಹಿಡಿದು ಫೋಟೋ ತೆಗೆಯುತ್ತೇವೆ: ಒಂದು ನೆಲದಿಂದ ಮೇಲಕ್ಕೆ, ಇನ್ನೊಂದು ಹತ್ತಿರದ ಕಿಟಕಿ ಅಥವಾ ಬಾಗಿಲಿನ ಚೌಕಟ್ಟಿನಿಂದ ಅಡ್ಡಕ್ಕೆ. ಮೂಲೆಯಿಂದ ಅಳೆಯಬಾರದು, ಏಕೆಂದರೆ ಪ್ಲಾಸ್ಟರ್ ಆದ ಮೇಲೆ ಮೂಲೆ ಅರ್ಧ ಇಂಚಿನಷ್ಟು ಸರಿದಿರುತ್ತದೆ; ಈ ಬುದ್ಧಿ ಎರಡನೆಯ ಮನೆಯಲ್ಲಿ ಮೂಲೆಯಿಂದ ಅಳೆದು ಒಂದು ಪೈಪಿಗೆ ತೂತು ಬಿದ್ದ ಮೇಲೆ ಬಂತು. ಮೋಲ್ಡಿನ ಕಂಬಿಯ ಕೆಳಗೆ ಜಲ್ಲಿ ಚೂರಿನ ಬದಲು 20 ಮಿಲಿಮೀಟರಿನ ಕವರ್ ಬ್ಲಾಕ್ ಇದೆಯೆಂಬುದಕ್ಕೆ, ಕಾಲಂ ಕಂಬಿಗೆ 40 ಮಿಲಿಮೀಟರ್ ಕವರ್ (ಕಂಬಿಯನ್ನು ಹೊರಗಿನಿಂದ ಮುಚ್ಚುವ ಕಾಂಕ್ರೀಟಿನ ದಪ್ಪ) ಉಳಿದಿದೆಯೆಂಬುದಕ್ಕೆ ಬೇರೆ ಫೋಟೋಗಳು. ಹನ್ನೊಂದು ಚದರದ ಮನೆಗೆ ನೂರರಿಂದ ನೂರಿಪ್ಪತ್ತು ಫೋಟೋ ಆಗುತ್ತವೆ. ಫೋನಿನಲ್ಲಿ ಕಳಿಸಿದರೆ ಸಾಲದು, ಪ್ರಿಂಟ್ ಹಾಕಿಸಿಯೇ ಕೊಡಬೇಕು. ಫೋನು ಬದಲಾಗುತ್ತದೆ, ಬೀರುವಿನಲ್ಲಿ ಸೈಟಿನ ಪತ್ರದ ಜೊತೆ ಇಟ್ಟ ಫೈಲು ಉಳಿಯುತ್ತದೆ.

ಕೊನೆಯ ಪುಟದಲ್ಲಿ ಕೆಲಸ ಮಾಡಿದವರ ಹೆಸರು, ಫೋಟೋ ಇರುತ್ತವೆ: ಗಾರೆಯವರು, ಸೆಂಟ್ರಿಂಗ್‌ನವರು, ಬಾರ್ ಬೆಂಡಿಂಗ್‌ನವರು, ಎಲೆಕ್ಟ್ರಿಷಿಯನ್, ಪ್ಲಂಬರ್, ನೀರು ಹೊಡೆದ ಹೆಣ್ಣುಮಕ್ಕಳು ಕೂಡ. ಈ ಪುಟದಿಂದ ನನಗೆ ನಷ್ಟವೂ ಆಯಿತು. ಯಾದಗಿರಿ ಕಡೆಯ ಬಾರ್ ಬೆಂಡರ್ ಒಬ್ಬ, ನನ್ನನ್ನು ‘ಟೇಪ್ ಮೇಡಮ್ಮು’ ಎಂದು ಮೊದಲು ಕೂಗಿದವನೇ, ತನ್ನ ಫೋಟೋ ಇರುವ ಪುಟವನ್ನು ಫೋನಿನಲ್ಲಿ ತೋರಿಸಿ ತೋರಿಸಿ ಸ್ವಂತ ಗುತ್ತಿಗೆ ಹಿಡಿದು ನನ್ನನ್ನು ಬಿಟ್ಟುಹೋದ. ಅಷ್ಟು ನಿಖರವಾಗಿ ರಿಂಗ್ ಕಟ್ಟುವವನು ಇನ್ನೊಬ್ಬ ನನಗೆ ಸಿಕ್ಕಿಲ್ಲ. ಬೇಸರವಾಯಿತು, ಆದರೆ ಪುಟ ತೆಗೆಯಲಿಲ್ಲ. ನನ್ನ ಅಪ್ಪ ಕಟ್ಟಿದ ಮನೆಗಳ ಮೇಲೆ ಎಲ್ಲಿಯೂ ಅವರ ಹೆಸರಿಲ್ಲ ಎಂಬುದು ಆ ಪುಟ ಮಾಡುವಾಗ ನನ್ನ ಮನಸ್ಸಿನಲ್ಲಿತ್ತು. ಆಮೇಲೆ ಅದಕ್ಕೆ ಇನ್ನೊಂದು ಉಪಯೋಗವೂ ಕಂಡಿತು. ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯ ಕಾರ್ಡಿಗೆ ಹಿಂದಿನ ಹನ್ನೆರಡು ತಿಂಗಳಲ್ಲಿ 90 ದಿನ ಕೆಲಸ ಮಾಡಿದ್ದಕ್ಕೆ ದೃಢೀಕರಣ ಬೇಕು. ಯಾರು ಯಾವ ದಿನ ಎಲ್ಲಿದ್ದರು ಎಂಬುದು ಸ್ಲೇಟಿನ ತಾರೀಖಿನೊಡನೆ ನನ್ನ ಬಳಿಯೇ ಇರುವುದರಿಂದ ಸಹಿ ಹಾಕುವಾಗ ಯೋಚಿಸುವ ಪ್ರಮೇಯವಿಲ್ಲ.

ವಿಡಿಯೋಗಳ ವಿಷಯವನ್ನು ಬೇಗ ಮುಗಿಸುತ್ತೇನೆ, ಏಕೆಂದರೆ ಜನ ತಿಳಿದಷ್ಟು ಮಹತ್ವ ಅದಕ್ಕಿಲ್ಲ. ಮುಗಿದ ಮನೆಯ ಸುತ್ತ ಸಂಗೀತ ಹಾಕಿ ಮಾಡಿದ ರೀಲ್ಸನ್ನು ನಲವತ್ತು ಸಾವಿರ ಜನ ನೋಡಿದರು. ಒಂದು ಕರೆಯೂ ಬರಲಿಲ್ಲ. ಪಾತಿ ಕಟ್ಟುವುದು ಹೇಗೆ ಎಂದು ಅಪ್ಪ ತಮ್ಮ ಮಾತಿನಲ್ಲೇ ಹೇಳಿದ ನಲವತ್ತು ಸೆಕೆಂಡನ್ನು ಒಂಬೈನೂರು ಜನ ನೋಡಿದರು. ಹನ್ನೊಂದು ಕರೆ ಬಂದವು, ಗುಬ್ಬಿ, ತಿಪಟೂರು, ಶಿರಾದಿಂದಲೂ. ಶಿರಾದ ಕೆಲಸವನ್ನು ಒಪ್ಪಿಕೊಂಡು ತಪ್ಪು ಮಾಡಿದೆ. ಐವತ್ತು ಕಿಲೋಮೀಟರ್ ದೂರದಲ್ಲಿ ಟೇಪ್ ಹಿಡಿಯಲು ದಿನವೂ ನಾನಿರಲಿಲ್ಲ, ಫೈಲು ಅರ್ಧವಾಯಿತು, ಮನೆಯವರು ಅದನ್ನು ನಯವಾಗಿಯೇ ಹೇಳಿ ತೋರಿಸಿದರು. ಅಂದಿನಿಂದ ಇಪ್ಪತ್ತೈದು ಕಿಲೋಮೀಟರ್ ಆಚೆಯ ಕೆಲಸ ಹಿಡಿಯುವುದಿಲ್ಲ, ಒಟ್ಟಿಗೆ ಮೂರಕ್ಕಿಂತ ಹೆಚ್ಚು ಮನೆ ನಡೆಸುವುದಿಲ್ಲ.

2022ರಲ್ಲಿ ನಡೆದದ್ದನ್ನು ಬರೆಯದಿದ್ದರೆ ಇದೆಲ್ಲ ಬರೀ ಬಡಾಯಿಯಾಗುತ್ತದೆ. ಹಿಂದಿನ ವರ್ಷ ಕಟ್ಟಿಕೊಟ್ಟ ಮನೆಯೊಂದರಲ್ಲಿ ಮೇಲಿನ ಸ್ನಾನದ ಮನೆಯಿಂದ ಕೆಳಗಿನ ಮಲಗುವ ಕೋಣೆಯ ಸೂರಿಗೆ ನೀರು ಜಿನುಗತೊಡಗಿತು. ಮನೆಯೊಡತಿ ಫೋನ್ ಮಾಡಿ, “ಮೇಡಂ, ನಿಮ್ಮ ಫೈಲ್ ಇಟ್ಕೊಂಡೇ ಕೂತಿದೀನಿ. ಈ ಬಾತ್‌ರೂಮಿಗೆ ನೀರು ನಿಲ್ಲಿಸಿದ ಫೋಟೋ ಎಲ್ಲಿದೆ?” ಎಂದು ಕೇಳಿದರು. ತಗ್ಗಿಸಿ ಹಾಕಿದ ಮೋಲ್ಡಿಗೆ ವಾಟರ್‌ಪ್ರೂಫಿಂಗ್ ಬಳಿದ ಮೇಲೆ ಎರಡು ದಿನ ನೀರು ನಿಲ್ಲಿಸಿ, ಕೆಳಗಿನಿಂದ ಒದ್ದೆಯಿಲ್ಲವೆಂದು ಖಚಿತಪಡಿಸಿಕೊಂಡು ಆಮೇಲೆ ಟೈಲ್ಸ್ ಹಾಕುವುದು ನನ್ನದೇ ನಿಯಮ. ಉಳಿದ ಎರಡು ಸ್ನಾನದ ಮನೆಗಳ ಫೋಟೋ ಇತ್ತು, ಇದರದ್ದಿರಲಿಲ್ಲ. ಅವತ್ತಿನದು ನೆನಪಾಯಿತು: ಶಿವರಾತ್ರಿಯ ಹೊತ್ತು, ಸಿದ್ಧಗಂಗೆ ಜಾತ್ರೆ, ಟೈಲ್ಸ್‌ನವರು ಜಾತ್ರೆಗೆ ಮುಂಚೆ ಮುಗಿಸಿ ಹೋಗುತ್ತೇವೆಂದಾಗ ನಾನೇ ಹೂಂ ಅಂದಿದ್ದೆ. ಬೇರೆ ಯಾವ ಕಾಂಟ್ರಾಕ್ಟರ್ ಆಗಿದ್ದರೂ ಪೈಪಿನ ದೋಷ, ಕಂಪನಿಯ ದೋಷ ಎಂದು ಜಾರಿಕೊಳ್ಳಬಹುದಿತ್ತು. ನನಗೆ ಆ ದಾರಿಯಿರಲಿಲ್ಲ, ನಾನೇ ಮಾಡಿಕೊಟ್ಟ ಫೈಲು ನನ್ನ ಮೇಲೆ ಸಾಕ್ಷಿ ನುಡಿಯುತ್ತಿತ್ತು.

ಟೈಲ್ಸ್ ಒಡೆಸಿ, ಹೊಸದಾಗಿ ವಾಟರ್‌ಪ್ರೂಫಿಂಗ್ ಮಾಡಿಸಿ, ನೀರು ನಿಲ್ಲಿಸಿ, ಮತ್ತೆ ಟೈಲ್ಸ್ ಹಾಕಿಸಲು ಕೈಯಿಂದ 38,000 ರೂಪಾಯಿ ಹೋಯಿತು. ನೀರು ನಿಂತ ಫೋಟೋದ ಜೊತೆ, ಮೊದಲ ಸಲ ಇದನ್ನು ಬಿಟ್ಟಿದ್ದು ನನ್ನ ತಪ್ಪು ಎಂದು ಬರೆದು ಸ್ಟೇಟಸ್ಸಿಗೆ ಹಾಕಿದೆ. ಅಪ್ಪ ರೇಗಿದರು: “ಮಾಡಿದ ತಪ್ಪನ್ನ ತಿದ್ದಿದೆ, ಸರಿ. ಅದನ್ನ ಊರಿಗೆಲ್ಲ ಡಂಗುರ ಹೊಡೀಬೇಕಾ? ನಲವತ್ತು ವರ್ಷ ಕೆಲಸ ಮಾಡಿದೀನಿ, ಒಂದು ದಿನ ಹಿಂಗೆ ಮಾಡ್ಕೊಂಡಿಲ್ಲ.” ಅವರ ಮಾತು ಸುಳ್ಳಾಗಲಿಲ್ಲ. ಅಡ್ವಾನ್ಸ್ ಕೊಡಲು ಒಪ್ಪಿದ್ದ ಒಬ್ಬರು ಹಿಂದೆ ಸರಿದರು. ಇನ್ನೊಬ್ಬ ಕಾಂಟ್ರಾಕ್ಟರ್ ನನ್ನ ಸ್ಟೇಟಸ್ಸಿನ ಚಿತ್ರವನ್ನೇ ತೋರಿಸಿ ನನ್ನಿಂದ ಒಂದು ಕೆಲಸ ಕಸಿದರು. ಮೂರು ತಿಂಗಳಾದ ಮೇಲೆ ಅದೇ ಮನೆಯೊಡತಿಯ ತಮ್ಮನೇ ಸ್ವಂತ ಮನೆ ಕಟ್ಟಿಸಲು ಬಂದರು. ಲಾಭ ನಷ್ಟದ ಲೆಕ್ಕ ಹಾಕಿದರೆ ಬಹುಶಃ ನಷ್ಟವೇ ಹೆಚ್ಚು; ಆದರೂ ಫೋಟೋ ಇಲ್ಲದ ಪುಟವನ್ನು ಖಾಲಿ ಬಿಡದೆ, ‘ಈ ಪರೀಕ್ಷೆ ಮಾಡಿಲ್ಲ’ ಎಂದು ಬರೆಯುವ ಪದ್ಧತಿ ಅಂದಿನಿಂದ ಶುರುವಾಯಿತು. ಹಾಗೆ ಬರೆಯಬೇಕಾಗುತ್ತದಲ್ಲ ಎಂಬ ಹೆದರಿಕೆಗೇ ಪರೀಕ್ಷೆಗಳನ್ನು ಬಿಡದೆ ಮಾಡುತ್ತೇನೆ.

ರೇಟಿನ ಮಾತು ಇನ್ನೂ ಕಷ್ಟದ್ದೇ. ಚದರಕ್ಕೆ ಇಷ್ಟು ಎಂದು ಒಂದೇ ಮಾತಿನಲ್ಲಿ ಹೇಳುವ ರೂಢಿ ನಮ್ಮ ಕಡೆಯದು. ನಾನು ಸಿಮೆಂಟು, ಕಂಬಿ, ವೈರು, ಪೈಪು, ಟೈಲ್ಸ್ ಯಾವ ದರ್ಜೆಯದು ಎಂದು ನಾಲ್ಕು ಪುಟ ಬರೆದುಕೊಟ್ಟು, ಉಳಿದವರಿಗಿಂತ ಚದರಕ್ಕೆ ಹತ್ತು ಹದಿನೈದು ಸಾವಿರ ಹೆಚ್ಚು ಕೇಳುತ್ತೇನೆ. ಹತ್ತು ಜನ ವಿಚಾರಿಸಿದರೆ ಏಳು ಜನ ಎದ್ದುಹೋಗುತ್ತಾರೆ. “ಗಂಡಸರು ಯಾರಾದ್ರೂ ಇದ್ರೆ ಮಾತಾಡೋಕೆ ಕಳಿಸಿ” ಎನ್ನುವವರು ಈಗಲೂ ಉಂಟು. ಅವರನ್ನು ಅಪ್ಪನ ಹತ್ತಿರ ಕಳಿಸುತ್ತೇನೆ, ಅಪ್ಪ ನನಗಿಂತ ಐದು ಸಾವಿರ ಜಾಸ್ತಿ ಹೇಳುತ್ತಾರೆ.

ಕಳೆದ ತಿಂಗಳು ಒಂದು ಭಾನುವಾರ ಮೇಷ್ಟ್ರ ಮಗ ಬೆಂಗಳೂರಿನಿಂದ ಬಂದವರು ಫೋನ್ ಮಾಡಿದರು. ತಂದೆಯ ಕೋಣೆಗೆ ಎಸಿ ಹಾಕಿಸಬೇಕಿತ್ತು, ಗೋಡೆಯಲ್ಲಿ ಎರಡೂವರೆ ಇಂಚಿನ ತೂತು ಕೊರೆಯುವವನು ಬಂದು ನಿಂತಿದ್ದ. ಫೈಲ್ ತೆಗೆದು ನಾಲ್ಕನೆಯ ಗೋಡೆಯ 41ನೇ ಫೋಟೋ ನೋಡಿ ಎಂದೆ. ಹಿಂದಿನಿಂದ ಮೇಷ್ಟ್ರ ದನಿ ಕೇಳಿಸುತ್ತಿತ್ತು: “ಕಿಟಕಿ ಚೌಕಟ್ಟಿಂದ ಎರಡಡಿ ಏಳಿಂಚಿಗೆ ಕರೆಂಟಿನ ಪೈಪು ಇಳಿದಿದೆ ಕಣೋ, ಈ ಕಡೆ ಹಾಕಿಸು, ಮೂರಡಿಗೆ.” ಅರ್ಧ ಗಂಟೆಯ ಮೇಲೆ ಒಂದು ಫೋಟೋ ಬಂತು. ಗೋಡೆಯಲ್ಲಿ ದುಂಡಗಿನ ತೂತು, ಅದರಾಚೆ ಬೆಳಕು. ಪಕ್ಕದಲ್ಲಿ ಟೇಪ್, ಬಳಪದಲ್ಲಿ ತಾರೀಖು ಬರೆದ ಅದೇ ಸ್ಲೇಟು. ಒಂದು ಮೂಲೆ ಒಡೆದಿತ್ತು. ಪ್ರಿಂಟ್ ಹಾಕಿಸಿ ಅವರ ಫೈಲಿಗೆ 113ನೇ ಫೋಟೋ ಆಗಿ ಸೇರಿಸಲು ಕಳಿಸಿಕೊಟ್ಟೆ.